ಅಕ್ಕನ ತುದಿ

ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಗೇಟು ಕಾಯುವವನಿಂದ ಹಿಡಿದು ನಕ್ಷೆಗಳಿಗೆ ಒಪ್ಪಿಗೆ ಕೊಡುವ ಸಮಿತಿಯ ಅಧ್ಯಕ್ಷರವರೆಗೆ ಎಲ್ಲರ ಬಾಯಲ್ಲೂ ಅವಳು ಅಕ್ಕ. ಪ್ರೀತಿಯಿಂದ ಬಂದ ಹೆಸರು ಅಂದುಕೊಂಡೀರಿ! ಅಕ್ಕ ಅಂದರೆ ಬೈಗುಳ ಸ್ವಲ್ಪ ಕಡಿಮೆಯಾದೀತು ಎಂಬ ದೂರದ ಆಸೆ, ಅಷ್ಟೇ. ಪಾಪ, ಆ ಆಸೆಯೂ ಸುಳ್ಳಾಗುತ್ತಿತ್ತು. ಯಾರಾದರೂ ನಕ್ಷೆ ಹಿಡಿದು ಬಾಗಿಲಲ್ಲಿ ನಿಂತರೆ ಅವಳು ಕನ್ನಡಕವನ್ನು ಮೂಗಿನ ಮೇಲೆ ಕೆಳಗಿಳಿಸಿ, ನಕ್ಷೆಗಿಂತ ಮೊದಲು ತಂದವನ ಮುಖ ನೋಡಿ, “ಇದನ್ನ ನೀವೇ ಬರೆದ್ರಾ, ಇಲ್ಲಾ ಮನೇಲಿ ಮಗು ಕೈಗೆ ಪೆನ್ಸಿಲ್ ಕೊಟ್ಟಿದ್ರಾ?” ಎಂದು ವಿಚಾರಿಸುತ್ತಿದ್ದಳು. ನಕ್ಷೆಯವನು ಹಲ್ಲು ಕಿರಿದು ವಾಪಸ್ಸು ಹೋಗುತ್ತಿದ್ದ.

ಇಷ್ಟು ಜಂಬಕ್ಕೆ ಕಾರಣವೂ ಇತ್ತೆನ್ನಿ. ಅಲ್ಲಿ ತಯಾರಾಗುತ್ತಿದ್ದುದು ಗ್ಯಾಸ್ ಟರ್ಬೈನು. ಉರಿದು ಕೆಂಡವಾದ ಗಾಳಿ ನುಗ್ಗಿ ಬಂದು ಚಕ್ರಕ್ಕೆ ಸಿಕ್ಕಿಸಿದ ಬ್ಲೇಡುಗಳನ್ನು ತಳ್ಳಬೇಕು, ಚಕ್ರ ತಿರುಗಬೇಕು. ಚಕ್ರದ ಸುತ್ತ ಗಟ್ಟಿ ಲೋಹದ ಕವಚ, ಅದೇ ಕೇಸಿಂಗು. ಬ್ಲೇಡಿನ ತಲೆಗೂ ಕೇಸಿಂಗಿಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಬಿಡಲೇಬೇಕು, ಇಲ್ಲದಿದ್ದರೆ ಬಿಸಿಗೆ ಹಿಗ್ಗಿದ ಬ್ಲೇಡು ಕೇಸಿಂಗನ್ನು ಉಜ್ಜಿ ಹಾಳಾಗುತ್ತದೆ. ಸಂದು ಬಿಟ್ಟರೋ, ಬ್ಲೇಡಿನ ಒಳಬಾಗಿದ ಮೈಯನ್ನು, ಅಂದರೆ ಹೊಟ್ಟೆಯನ್ನು ತಳ್ಳಬೇಕಾದ ಗಾಳಿಯಲ್ಲಿ ಒಂದು ಪಾಲು, ಹಾಜರಿ ಹಾಕಿ ಹಿಂಬಾಗಿಲಿನಿಂದ ಜಾರಿಕೊಳ್ಳುವ ನೌಕರನ ಹಾಗೆ, ತಲೆಯ ಮೇಲಿನಿಂದ ಉಬ್ಬಿದ ಬೆನ್ನಿನ ಕಡೆಗೆ ನುಸುಳಿಬಿಡುತ್ತದೆ. ಕೆಲಸವೂ ಇಲ್ಲ, ಸಾಲದ್ದಕ್ಕೆ ಬೆನ್ನಿನ ಕಡೆ ಹೋಗಿ ಸುಳಿ ಎಬ್ಬಿಸಿ ಉಳಿದವರ ಕೆಲಸವನ್ನೂ ಕೆಡಿಸುತ್ತದೆ. ಈ ಕಳ್ಳಗಾಳಿಯನ್ನು ತಡೆಯುವುದೇ ಅಕ್ಕನ ಜೀವಮಾನದ ಕಸುಬು.

ಅವಳು ಬರುವ ಮುಂಚೆ ಬ್ಲೇಡಿನ ತಲೆ ಬೋಳಾಗಿ ಚಪ್ಪಟೆಯಾಗಿತ್ತು. ಅವಳು ಆ ತಲೆಯ ಅಂಚಿನುದ್ದಕ್ಕೂ ತೆಳ್ಳನೆಯ ಕಟ್ಟೆ ಎಬ್ಬಿಸಿ, ನಡುವೆ ತಗ್ಗು ಮಾಡಿದಳು. ನುಸುಳಲು ಬಂದ ಗಾಳಿ ಮೊದಲ ಕಟ್ಟೆ ಹತ್ತಿ, ತಗ್ಗಿಗೆ ಬಿದ್ದು, ಅಲ್ಲೇ ಹೊರಳಾಡಿ ಸುಸ್ತಾಗಬೇಕು, ಇದು ಅದರ ಹಿಂದಿನ ವಿಚಾರ. ಪರೀಕ್ಷೆಯಲ್ಲಿ ಸೋರಿಕೆ ಎಷ್ಟು ಇಳಿಯಿತೆಂದರೆ ಸಮಿತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅಂದಿನಿಂದ ಅಲ್ಲಿ ತಯಾರಾದ ಒಂದೊಂದು ಎಂಜಿನ್ನಿನಲ್ಲೂ ಅದೇ ತುದಿ. ನಕ್ಷೆಯಲ್ಲಿ ಅದಕ್ಕೆ ಏನೇನೋ ಸಂಕೇತವಿದ್ದರೂ ಜನ ಕರೆಯುವುದು ‘ಅಕ್ಕನ ತುದಿ’ ಎಂದೇ. ಅವಳು ಅದನ್ನು ಕೇಳಿಸಿಕೊಂಡಾಗಲೆಲ್ಲ ಕೇಳಿಸದವಳ ಹಾಗೆ ನಟಿಸುತ್ತಿದ್ದಳು.

ಅಂಥ ತುದಿಯನ್ನು ಕಿತ್ತು ಎಸೆಯಲು ಹೊರಟವನು ಹೊರಗಿನವನಲ್ಲ, ಸ್ವಂತ ಅಳಿಯ. ಇಸ್ತ್ರಿ ಮುರಿಯದ ಅಂಗಿ, ಮುಖದ ಮೇಲೊಂದು ಸದಾ ಸಿದ್ಧವಾದ ನಗು. ಅವಳಿರುವ ವಿಭಾಗಕ್ಕೇ ಕೆಲಸಕ್ಕೆ ಬಂದು ಸೇರಿದ, ಆಮೇಲೆ ಅವಳ ಮಗಳನ್ನು ಮೆಚ್ಚಿ ಕುಟುಂಬಕ್ಕೂ ಬಂದು ಸೇರಿದ. ಮಗಳು ಕಣ್ಣಿನ ಡಾಕ್ಟರು. “ಊರವರ ಕಣ್ಣೆಲ್ಲ ಪರೀಕ್ಷೆ ಮಾಡ್ತೀಯ, ಇವರನ್ನ ಆರಿಸೋವಾಗ ನಿನ್ನ ಕಣ್ಣಿಗೆ ಏನಾಗಿತ್ತೇ?” ಎಂದು ಅಕ್ಕ ಕೇಳಿದ್ದು ಮದುವೆಯಾಗಿ ವರ್ಷಗಳಾದರೂ ಮಗಳು ಮರೆತಿರಲಿಲ್ಲ.

ಅಳಿಯನ ತುದಿಗೆ ರೆಕ್ಕೆ. ಅಂದರೆ ಬ್ಲೇಡಿನ ತಲೆ ಎರಡೂ ಪಕ್ಕಕ್ಕೆ ಒಂದಿಷ್ಟು ಹೊರಚಾಚಿಕೊಂಡಿರುತ್ತದೆ. ಸಮಿತಿಯ ಎದುರು ಅವನು ಪರದೆಯ ಮೇಲೆ ಬಣ್ಣಬಣ್ಣದ ಸುಳಿಗಳನ್ನು ತೋರಿಸುತ್ತ, ಜೇನಿನಂಥ ದನಿಯಲ್ಲಿ ವಿವರಿಸುತ್ತಿದ್ದಾಗ ಅಕ್ಕ ಕುರ್ಚಿಯಲ್ಲಿ ಹಿಂದಕ್ಕೊರಗಿ ಕೇಳುತ್ತಿದ್ದಳು.

“ಅಳಿಯಂದ್ರೇ,” ಎಂದಳು ಕೊನೆಗೆ, “ಬ್ಲೇಡಿಗೆ ಯಾಕೆ ಸೂರು ಕಟ್ಟಿದ್ದೀರಿ? ಮಳೆ ಬಂದ್ರೆ ನೆನೀಬಾರದು ಅಂತಾನಾ?”

ಕೋಣೆ ಗೊಳ್ಳೆಂದಿತು. ಅಳಿಯನೂ ನಕ್ಕ. ಅದೇ ಅವಳಿಗೆ ಹಿಡಿಸದ ಸಂಗತಿ. ಎಂಥ ಮಾತು ಎಸೆದರೂ ಅವನಿಗೆ ತಾಗುತ್ತಿರಲಿಲ್ಲ.

“ಸೂರೇ ಅನ್ನಿ ಅತ್ತೆ,” ಎಂದ ಅವನು. “ಆದ್ರೆ ಸೋರೋದು ನಿಂತಿದೆ, ನೋಡಿ.” ಮುಂದಿನ ಚಿತ್ರದಲ್ಲಿ ಎರಡು ಗೆರೆಗಳಿದ್ದವು, ಮೇಲಿನದು ಅಕ್ಕನ ತುದಿಯ ನಷ್ಟ, ಅದರ ಎಷ್ಟೋ ಕೆಳಗೆ ರೆಕ್ಕೆಯ ತುದಿಯ ನಷ್ಟ. ಕುರುಡನಿಗೂ ಕಾಣುವಷ್ಟು ವ್ಯತ್ಯಾಸ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಭೇಷ್! ಅಂತೂ ಮನೆಯೊಳಗೇ ಪೈಪೋಟಿ ಅನ್ನಿ,” ಎಂದರು. ಮುಂದಿನ ಸಭೆಯಲ್ಲಿ ಒಪ್ಪಿಗೆ ಕೊಟ್ಟು ರೆಕ್ಕೆಯ ತುದಿಯನ್ನು ಎಂಜಿನ್ನಿಗೆ ಹಾಕುವುದೆಂದು ಮಾತಾಯಿತು.

“ಬೆಲ್ಟು ಓಡ್ತಾ ಇತ್ತಾ?” ಅಕ್ಕ ಕೇಳಿದಳು.

“ಓಡ್ತಾ ಇತ್ತು ಅತ್ತೆ.”

“ನೀವು ನೋಡಿದ್ರಾ?”

“ಬಾಗಿಲು ಮುಚ್ಚಿ ಹೊರಗಿಂದ ಓಡಿಸೋದು ತಾನೇ ನಿಯಮ? ಒಳಗೆ ಯಾರು ನಿಂತ್ಕೋತಾರೆ?”

ಅಷ್ಟು ಸಾಕಾಯಿತು ಅವಳಿಗೆ. ಎಂಜಿನ್ನಿನಲ್ಲಿ ಬ್ಲೇಡು ತಿರುಗುತ್ತದೆ, ಕೇಸಿಂಗು ನಿಂತಿರುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಉಲ್ಟಾ. ಬ್ಲೇಡುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ತಲೆಯ ಮೇಲೆ ಕೇಸಿಂಗಿನ ಬದಲು ಅಗಲವಾದ ಬೆಲ್ಟೊಂದನ್ನು ಓಡಿಸುತ್ತಾರೆ. ಬೆಲ್ಟು ನಿಂತಿದ್ದರೆ ಆ ಪರೀಕ್ಷೆಗೆ ಮೂರು ಕಾಸಿನ ಕಿಮ್ಮತ್ತಿಲ್ಲ, ಯಾವ ಬೆರಕಿ ತುದಿಯೂ ಅದರಲ್ಲಿ ಗೆದ್ದು ಬರಬಹುದು. ಬೆಲ್ಟು ನಿಲ್ಲಿಸಿ ಪರೀಕ್ಷೆ ಮಾಡಿದ್ದಾರೆ, ಕಿವಿ ಮೇಲೆ ಹೂವಿಡಲು ಬಂದಿದ್ದಾರೆ ಎಂದು ಅಕ್ಕ ಆ ಕ್ಷಣದಲ್ಲೇ ತೀರ್ಪು ಕೊಟ್ಟುಬಿಟ್ಟಳು.

ಭಾನುವಾರ ಮಗಳ ಮನೆಯಲ್ಲಿ ಊಟ. ಅಕ್ಕನ ಗಂಡ ಬಡಿಸಿದ್ದನ್ನು ತಿಂದು ಪೇಪರಿನ ಹಿಂದೆ ಮರೆಯಾದರು. ಹೆಂಡತಿಗೆ ಎದುರುತ್ತರ ಕೊಡುವುದನ್ನು ಅವರು ಬಿಟ್ಟು ಕಾಲವಾಗಿತ್ತು, ಆರೋಗ್ಯವೂ ಸುಧಾರಿಸಿತ್ತು. ಅಳಿಯ ತಟ್ಟೆ ತೊಳೆಯಲು ಒಳಗೆ ಹೋದಾಗ ಮಗಳು ದನಿ ತಗ್ಗಿಸಿದಳು.

“ಅಮ್ಮಾ, ಒಂದೇ ಒಂದು ಒಳ್ಳೆ ಮಾತು ಆಡು. ಎಷ್ಟು ಕಷ್ಟಪಟ್ಟು ಮಾಡಿದ್ದಾರೆ ಗೊತ್ತಾ? ನೀನು ಭೇಷ್ ಅಂದ್ರೆ ಸಾಕು ಅವರಿಗೆ.”

“ಕಷ್ಟ ಪಟ್ಟಿದ್ದಕ್ಕೆಲ್ಲ ಭೇಷ್ ಅನ್ನೋದಾದ್ರೆ ಕತ್ತೆಗೂ ಅನ್ನಬೇಕಾಗುತ್ತೆ.”

“ಅವರು ನನ್ನ ಗಂಡ ಅಮ್ಮ!”

“ಅದಕ್ಕೇ ಇಷ್ಟು ಮರ್ಯಾದೆಯಿಂದ ಮಾತಾಡ್ತಿದ್ದೀನಿ.”

ಒಳಗೆ ತಟ್ಟೆಗಳ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಕೇಳಿಸಿದರೆ ಕೇಳಿಸಲಿ! ಅಕ್ಕ ಕೈಚೀಲ ಹೆಗಲಿಗೇರಿಸಿ ಎದ್ದಳು.

ಮರುದಿನ ಬೆಳಿಗ್ಗೆಯೇ ಅವಳು ಪರೀಕ್ಷಾ ಕೋಣೆಗೆ ದಾಳಿಯಿಟ್ಟಳು. ಅಲ್ಲಿನ ಮುಖ್ಯಸ್ಥನನ್ನು ಎಲ್ಲರೂ ಪುರಾಣ ಎಂದು ಕರೆಯುತ್ತಿದ್ದರು. ದೊಡ್ಡ ಪದವಿಗಳನ್ನೆಲ್ಲ ಸಂಪಾದಿಸಿದ ಎಂಜಿನಿಯರೇ, ಆದರೆ ಗಂಟೆ ಎಷ್ಟು ಎಂದು ಕೇಳಿದರೂ ಗಡಿಯಾರ ಹುಟ್ಟಿದ ಕಥೆಯಿಂದ ಆರಂಭಿಸುವ ಗಿರಾಕಿ. ಅವನ ಬಾಯಿ ಮುಚ್ಚಿಸುವ ವಿದ್ಯೆ ಕಾರ್ಖಾನೆಯಲ್ಲಿ ಒಬ್ಬಳಿಗೇ ಗೊತ್ತಿತ್ತು.

“ಅಕ್ಕಾ, ಬನ್ನಿ ಬನ್ನಿ. ಈ ಕೋಣೆ ಕಟ್ಟಿದಾಗ ನೋಡಿ, ಮೊದಲಿಗೆ...”

“ಬೇಡ. ಬೆಲ್ಟು ಓಡಿಸ್ರೀ. ನಾನು ಒಳಗೆ ನಿಲ್ತೀನಿ.”

“ಅಯ್ಯಯ್ಯೋ, ನಿಯಮ...”

“ನಿಯಮ ಬರೆದವಳು ನಾನು. ಓಡಿಸಿ.”

ಕೋಣೆಯೊಳಗೆ ಎಣ್ಣೆ ಮತ್ತು ಬಿಸಿ ರಬ್ಬರಿನ ವಾಸನೆ. ಗಾಜಿನ ಗೋಡೆಯ ಹಿಂದೆ ಬ್ಲೇಡುಗಳು ಸಾಲಾಗಿ ನಿಂತಿದ್ದವು, ಅವುಗಳ ತಲೆಯ ಮೇಲೆ ಕಪ್ಪು ಬೆಲ್ಟು. ಅಕ್ಕ ಗೋಡೆಗೆ ಅಂಟಿ ನಿಂತು ಕೈ ಕಟ್ಟಿಕೊಂಡಳು. ಓಡುವುದಿಲ್ಲ ನೋಡು, ಗಿಯರು ಮುರಿದಿರುತ್ತದೆ, ಮುಚ್ಚಿಟ್ಟಿರುತ್ತಾರೆ ಕಳ್ಳರು ಎಂದುಕೊಂಡಳು.

ಬೆಲ್ಟು ಓಡಿತು. ಗುರ್ರೆಂದು ಒಮ್ಮೆ ನಡುಗಿ, ನಿಧಾನವಾಗಿ ಹೊರಟಿತು. ಅಕ್ಕನಿಗೆ ನಿರಾಸೆಯಾಯಿತು. ಹೊರಗೆ ಹೋಗಬೇಕು ಅನ್ನುವಷ್ಟರಲ್ಲಿ ಬೆಲ್ಟಿಗೆ ಹಾಕಿದ್ದ ಜೋಡಣೆಯ ಪಟ್ಟಿ, ಬಿಳಿ ದಾರದ ಹೊಲಿಗೆ, ಬ್ಲೇಡುಗಳ ಮೇಲೆ ಹಾದು ಹೋಯಿತು. ಹೊಟ್ಟೆಯ ಕಡೆಯಿಂದ ಬಂತು, ಬೆನ್ನಿನ ಕಡೆಗೆ ಹೋಯಿತು. ಇನ್ನೊಂದು ಸುತ್ತಿಗೆ ವೇಗ ಏರಿ ಹೊಲಿಗೆ ಕಾಣದಾಯಿತು. ಆ ವೇಗದಲ್ಲಿ ಬೆಲ್ಟು ಎತ್ತ ಓಡುತ್ತಿದೆ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ.

“ನಿಲ್ಲಿಸ್ರೀ! ಮತ್ತೆ ಓಡಿಸಿ!” ಅವಳು ಗಾಜಿಗೆ ಮೂಗು ತಾಗಿಸಿ ನೋಡಿದಳು. ಮತ್ತೆ ಅದೇ. ಹೊಟ್ಟೆಯಿಂದ ಬೆನ್ನಿಗೆ.

ಎಂಜಿನ್ನಿನಲ್ಲಿ ಬ್ಲೇಡು ತನ್ನ ಬೆನ್ನಿನ ದಿಕ್ಕಿಗೆ ಓಡುತ್ತದೆ. ಹಾಗಾಗಿ ಬ್ಲೇಡಿನ ತಲೆಯ ಮೇಲೆ ಕೇಸಿಂಗು ಬೆನ್ನಿನಿಂದ ಹೊಟ್ಟೆಯ ಕಡೆಗೆ ಸರಿದ ಹಾಗಾಗುತ್ತದೆ. ನುಸುಳುವ ಕಳ್ಳಗಾಳಿಗೆ ಅದು ಎದುರು, ಬಂದವನನ್ನು ಕತ್ತು ಹಿಡಿದು ಹಿಂದಕ್ಕೆ ತಳ್ಳುತ್ತದೆ. ಇಲ್ಲಿ ಬೆಲ್ಟು ಕಳ್ಳನ ಕೈ ಹಿಡಿದು ದಾಟಿಸುತ್ತಿತ್ತು! ಇಲ್ಲದ ಸೋರಿಕೆಯನ್ನು ತಾವೇ ಸೃಷ್ಟಿಸಿ, ಅದನ್ನು ರೆಕ್ಕೆಯಿಂದ ತಡೆದು, ಗೆದ್ದೆವೆಂದು ಮೆರೆದಿದ್ದರು. ಅಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಳಿಯನ ಆ ನಗು ಮುಖದಿಂದ ಜಾರುವುದನ್ನು ಅವಳು ನಿಂತಲ್ಲೇ ಕಣ್ಣಾರೆ ಕಂಡುಬಿಟ್ಟಳು.

“ಪುರಾಣ ಅವರೇ,” ಎಂದಳು ಸಕ್ಕರೆಯಂಥ ದನಿಯಲ್ಲಿ, “ನಿಮ್ಮ ಬೆಲ್ಟು ಉಲ್ಟಾ ಓಡ್ತಿದೆ.”

ಪುರಾಣ ಬಂದು ನೋಡಿದ. “ಮೋಟಾರಿಗೆ ಬರೋ ಮೂರು ತಂತೀಲಿ ಎರಡು ಅದಲುಬದಲಾಗಿದ್ರೆ ಹೀಗೆ ಆಗುತ್ತೆ ಅಕ್ಕ. ಅದನ್ನ ಬಿಚ್ಚಿ ಕಟ್ಟಿದ್ದು ಒಂದೇ ಸಲ, ಮೋಟಾರು ಸುಟ್ಟುಹೋಗಿತ್ತಲ್ಲ, ಆವಾಗ.”

“ಯಾವಾಗ?”

“ನಿಮ್ಮ ತುದಿ ಪರೀಕ್ಷೆಗೆ ಬಂದಿತ್ತಲ್ಲ, ಅದಕ್ಕೆ ಸ್ವಲ್ಪ ಮುಂಚೆ. ನಿಮಗೆ ಅವಸರ. ಮೋಟಾರು ಹೊಸದಾಗಿ ಸುತ್ತಿಸಿದ್ದಾರೆ, ತಿರುಗೋ ದಿಕ್ಕು ಒಂದ್ಸಲ ನೋಡಿಬಿಡೋಣ, ಯಾಕಂದ್ರೆ... ಅಂತ ನಾನು ಹೇಳೋಕೆ ಶುರು ಮಾಡಿದ್ದೆ.” ಅವನು ಮುಖ ಸಣ್ಣಗೆ ಮಾಡಿದ. “ನಿಮ್ಮ ಪುರಾಣ ಕಟ್ಟಿಡ್ರೀ, ಬೆಲ್ಟು ಓಡಿಸ್ರೀ ಸಾಕು ಅಂದ್ರಿ. ಓಡಿಸ್ದೆ. ಆಮೇಲೆ ನಂಗೂ ಮರೆತೇ ಹೋಯ್ತು.”

ಅಂದಿರಬಹುದು. ಅಂದ ನೆನಪಿಲ್ಲ, ಅವನಿಗೆ ಅವಳು ದಿನಕ್ಕೊಂದು ಸಲ ಅದನ್ನೇ ಅನ್ನುತ್ತಿದ್ದಳು. ಅವಳ ತುದಿ ಗೆದ್ದದ್ದೂ ಇದೇ ಬೆಲ್ಟಿನ ಕೆಳಗೆ.

“ತಂತಿ ಬದಲಿಸಿ,” ಎಂದಳು. “ಬೋಳು ತಲೆ, ನನ್ನದು, ಅವರದು, ಮೂರನ್ನೂ ಹಾಕಿ ನೋಡೋಣ.”

ಪುರಾಣ ತಂತಿ ಬದಲಿಸಿದ. ಬೆಲ್ಟಿನ ಹೊಲಿಗೆ ಈಗ ಬೆನ್ನಿನ ಕಡೆಯಿಂದ ಬಂತು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಮೂರು ಗೆರೆಗಳು ಮೂಡಿದವು. ರೆಕ್ಕೆಯ ತುದಿಯ ಲಾಭವೆಲ್ಲ ಗಾಳಿಗೆ ಹೋಗಿ, ಅಳತೆಯ ತಪ್ಪೋ ಏನೋ ಅನ್ನುವಷ್ಟು ಚೂರು ಉಳಿದಿತ್ತು. ಅಕ್ಕನ ತುದಿಯ ಗೆರೆ ಅದರ ಮೇಲಿತ್ತು. ಬೋಳು ತಲೆಯ ಗೆರೆ ಎಲ್ಲಿ ಎಂದು ಅವಳು ಹುಡುಕಿದಳು. ಅದು ಅವಳ ಗೆರೆಯ ಕೆಳಗೆ, ರೆಕ್ಕೆಯ ಗೆರೆಗೆ ಅಂಟಿಕೊಂಡಿತ್ತು. ಅಂದರೆ ಏನೂ ಮಾಡದೆ ಬಿಟ್ಟ ಬೋಳು ತಲೆಯೇ ಅಕ್ಕನ ತುದಿಗಿಂತ ಕಡಿಮೆ ಸೋರುತ್ತಿತ್ತು. ಅವಳು ಮತ್ತೆ ಓಡಿಸಲು ಹೇಳಿದಳು. ಮತ್ತೆ ಅದೇ ಬಂತು.

ಎಂಜಿನ್ನು ಯಾಕೆ ಗುಟ್ಟು ಬಿಟ್ಟುಕೊಡಲಿಲ್ಲ ಎಂದು ಯೋಚಿಸಿದರೆ ಅದಕ್ಕೂ ಉತ್ತರವಿತ್ತು. ಅವಳ ತುದಿ ಎಂಜಿನ್ನಿಗೆ ಹೋದ ವರ್ಷವೇ ಕೇಸಿಂಗಿನ ಒಳಗೆ ಹೊಸ ಲೇಪನ ಹಾಕಿ ಸಂದನ್ನೇ ಕಿರಿದು ಮಾಡಿದ್ದರು. ಎಂಜಿನ್ನು ಹುರುಪಿನಿಂದ ಓಡಿತು. ಲೇಪನ ಹಾಕಿದವರು ಮೂಲೆಯಲ್ಲಿ ಬಾಯಿ ಬಿಡದೆ ಕೂತಿದ್ದರು, ಬಾಯಿದ್ದವಳು ಹೊಗಳಿಕೆ ಬಾಚಿಕೊಂಡಳು.

ವಾಪಸ್ಸು ಬರುವ ದಾರಿಯಲ್ಲಿ ರಿಪೇರಿ ಶೆಡ್ಡು. ಓಡಿ ಸವೆದು ಬಂದ ಬ್ಲೇಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಅಲ್ಲಿನವರು ಒಂದೊಂದರ ತಲೆಗೂ ಸುಟ್ಟುಹೋದ ಕಟ್ಟೆಯನ್ನು ಬೆಸುಗೆ ಹಾಕಿ ಮತ್ತೆ ಎಬ್ಬಿಸುತ್ತಿದ್ದರು. ತೆಳ್ಳನೆ ಕಟ್ಟೆ, ಬಿಸಿಗೆ ನಿಲ್ಲುವುದಿಲ್ಲ. ವರ್ಷಗಟ್ಟಲೆಯಿಂದ ಅವರು ಅದನ್ನೇ ಗೊಣಗುತ್ತಿದ್ದರು, ವರ್ಷಗಟ್ಟಲೆಯಿಂದ ಅವಳು “ಬೆಸುಗೆ ಹಾಕೋಕೆ ಬರದೇ ಇದ್ರೆ ತುದಿ ಮೇಲೆ ಯಾಕ್ರೀ ಹೇಳ್ತೀರಿ?” ಎಂದು ಬಾಯಿಗೆ ಬೀಗ ಜಡಿಯುತ್ತಿದ್ದಳು. ಈವತ್ತೂ ಒಬ್ಬ ತಲೆಯೆತ್ತಿ, “ಅಕ್ಕಾ, ನಿಮ್ಮ ತುದಿ ಮತ್ತೆ ಸುಟ್ಕೊಂಡು ಬಂದಿದೆ,” ಎಂದ. ಅವಳು ಏನೂ ಹೇಳದೆ ಮುಂದೆ ಹೋದಳು. ಶೆಡ್ಡಿನವರು ಮುಖ ಮುಖ ನೋಡಿಕೊಂಡರು, ಅಕ್ಕನಿಗೆ ಹುಷಾರಿಲ್ಲ ಎಂದು ತೀರ್ಮಾನಿಸಿದರು.

ಸಂಜೆ ಅವಳು ನೇರ ಮಗಳ ಕ್ಲಿನಿಕ್ಕಿಗೆ ಹೋದಳು. ಕೊನೆಯ ರೋಗಿ ಹೊರಟ ಮೇಲೆ ಒಳಗೆ ಹೋಗಿ ರೋಗಿಗಳ ಕುರ್ಚಿಯಲ್ಲೇ ಕೂತಳು. ಎದುರಿನ ಗೋಡೆಯಲ್ಲಿ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಫಲಕ. ಮಗಳು ಕೈ ತೊಳೆಯುತ್ತಿದ್ದವಳು ತಿರುಗಿ ನೋಡಿದಳು, ಅಮ್ಮನ ಮುಖ ನೋಡಿ ನಲ್ಲಿ ನಿಲ್ಲಿಸಿದಳು. ಅಕ್ಕ ಎಲ್ಲವನ್ನೂ ಹೇಳಿದಳು, ಪುರಾಣನ ಬಾಯಿ ಮುಚ್ಚಿಸಿದ್ದನ್ನೂ ಬಿಡದೆ.

“ನಾಳೆ ಸಭೇಲಿ ಹೇಳ್ತೀನಿ,” ಎಂದಳು.

“ಹೇಳ್ಲೇಬೇಕಾ ಅಮ್ಮ?”

“ಹೇಳ್ದೆ ಇದ್ರೆ ನಿನ್ನ ಗಂಡನ ಸೂರು ಎಂಜಿನ್ನಿಗೆ ಹೋಗುತ್ತೆ. ಅದರ ಭಾರಕ್ಕೆ ಬ್ಲೇಡಿನ ಬುಡ ದಪ್ಪ ಮಾಡ್ಬೇಕು, ಬುಡದ ಭಾರಕ್ಕೆ ಚಕ್ರ ದಪ್ಪ ಮಾಡ್ಬೇಕು. ಒಂದು ಉಲ್ಟಾ ಬೆಲ್ಟಿಗೆ ಇಡೀ ಎಂಜಿನ್ನು ಬಸುರಿ ಆಗುತ್ತೆ ಕಣೇ.”

ಮಗಳಿಗೆ ನಗು ಬರಲಿಲ್ಲ. “ಅವರದು ಹೋದ್ರೆ ಹೋಯ್ತು, ಇನ್ನೊಂದು ಮಾಡ್ತಾರೆ. ನಿಂದು?”

“ನಂದೂ ಹೋಗುತ್ತೆ.”

“ನಿಂಗೆ ಬೇರೆ ಏನಿದೆ ಅಮ್ಮ?”

ಆ ಮಾತು ಅಕ್ಕನಿಗೆ ಚುರುಕ್ಕೆಂದಿತು. ಬೇರೆ ಯಾರಾದರೂ ಅಂದಿದ್ದರೆ ಚರ್ಮ ಸುಲಿಯುತ್ತಿದ್ದಳು. “ಬಾಯಿ ಇದೆಯಲ್ಲ,” ಎಂದು ಎದ್ದು ಹೊರಟಳು.

ಮರುದಿನ ಸಭೆಗೆ ಅವಳು ಯುದ್ಧಕ್ಕೆ ಹೊರಟವಳ ಹಾಗೆ ಹೋದಳು. ಯಾರು ಏನು ಅಂದಾರು, ಅದಕ್ಕೆ ಏನು ಅನ್ನಬೇಕು, ಎಲ್ಲ ಸಿದ್ಧವಾಗಿತ್ತು. ಅಧ್ಯಕ್ಷರು ನಂಬುವುದಿಲ್ಲ ಅಂದರೆ ಕೈ ಹಿಡಿದು ಎಳೆದುಕೊಂಡು ಹೋಗಿ ಬೆಲ್ಟು ತೋರಿಸುವುದು. ಅಳಿಯ ಸಿಡಿದೆದ್ದರೆ ಅವನ ಸೂರಿನ ಹೆಂಚು ಒಂದೊಂದಾಗಿ ಕೀಳುವುದು. ತನ್ನ ತುದಿಯನ್ನು ತಾನೇ ಮುರಿದು ಮೇಜಿನ ಮೇಲೆ ಹಾಕಿದ ಮೇಲೆ ಇನ್ನೊಬ್ಬರದನ್ನು ಮುರಿಯಲು ದಾಕ್ಷಿಣ್ಯವೇನು?

ಅವಳು ಎದ್ದು ನಿಂತು ಹೇಳತೊಡಗಿದಳು. ಬೆಲ್ಟು ಹೇಗೆ ಉಲ್ಟಾ ಓಡಿತು, ತಂತಿ ಬದಲಿಸಿದಾಗ ಏನಾಯಿತು, ಮೂರು ಗೆರೆಗಳು ಎಲ್ಲೆಲ್ಲಿ ಬಂದವು. “ಈ ರೆಕ್ಕೆ ದಂಡ. ನನ್ನ ಕಟ್ಟೆ ಅದಕ್ಕಿಂತ ದೊಡ್ಡ ದಂಡ,” ಎಂದಳು. “ಇಷ್ಟು ವರ್ಷ ನೀವೂ ನಾನೂ ಸೇರಿ ಬೋಳು ತಲೆಗೆ ಟೋಪಿ ಹಾಕಿ ಮೆರೆದಿದ್ದೀವಿ. ದಿಕ್ಕು ನೋಡೋಣ ಅಂದವರ ಬಾಯಿ ಮುಚ್ಚಿಸಿದ್ದು ನಾನೇ. ತಪ್ಪು ನಂದು. ಎರಡೂ ತೆಗೆದು ಹಾಕಿ, ಬೆಲ್ಟು ಸರಿ ಮಾಡಿ, ಮೊದಲಿಂದ ಶುರು ಮಾಡಿ.”

ಜೀವಮಾನದಲ್ಲಿ ಮೊದಲ ಸಲ ಅವಳ ಮಾತಿಗೆ ಯಾರೂ ಅಡ್ಡ ಬರಲಿಲ್ಲ. ಕೆಮ್ಮಲಿಲ್ಲ, ಕಣ್ಣು ಹೊರಳಿಸಲಿಲ್ಲ, ಹುಬ್ಬೇರಿಸಲಿಲ್ಲ. ಎಲ್ಲರೂ ಮೃದುವಾಗಿ ತಲೆಯಾಡಿಸುತ್ತ ಕೇಳಿದರು. ಅವಳು ಕೂತ ಮೇಲೆ ಅಧ್ಯಕ್ಷರು, “ಎಂಥ ದೊಡ್ಡತನ ನೋಡಿ! ಅಕ್ಕ ಅಕ್ಕನೇ,” ಎಂದರು. ಮೇಜಿನ ಸುತ್ತ ಕೂತವರು ಹೌದು ಹೌದು ಎಂದರು.

ಆಮೇಲೆ ಅಳಿಯ ಎದ್ದ. ಅದೇ ಅಂಗಿ, ಅದೇ ನಗು. “ಅತ್ತೆಯವರು ಹೇಳಿದ್ದು ಅಕ್ಷರಶಃ ನಿಜ,” ಎಂದ. “ಆದ್ರೆ ಒಂದು ತೊಡಕಿದೆ. ಈ ಕಾರ್ಖಾನೇಲಿ ಇಷ್ಟು ವರ್ಷ ಮಾಡಿದ ಪರೀಕ್ಷೆಗಳೆಲ್ಲ ಬೆಲ್ಟು ಆ ದಿಕ್ಕಿಗೆ ಓಡ್ತಿದ್ದಾಗ ಮಾಡಿದ್ದು. ಈಗ ದಿಕ್ಕು ಬದಲಿಸಿದ್ರೆ ಹಳೇದಕ್ಕೂ ಹೊಸದಕ್ಕೂ ಹೋಲಿಕೆನೇ ತಪ್ಪಿಹೋಗುತ್ತೆ. ಹೋಲಿಕೆ ಇಲ್ಲದೆ ನಾವು ಸುಧಾರಿಸ್ತಿದ್ದೀವಾ ಅಂತ ಹೇಗೆ ಗೊತ್ತಾಗುತ್ತೆ? ಅದಕ್ಕೆ ಬೆಲ್ಟು ಹಿಂದಿನ ಹಾಗೇ ಓಡಲಿ. ಇನ್ನು ತುದಿ ವಿಷಯ. ಅತ್ತೆಯವರ ಕಟ್ಟೆ ಉಳಿಸ್ಕೊಂಡೇ ಅದಕ್ಕೆ ರೆಕ್ಕೆ ಸೇರಿಸೋಣ. ಅಕ್ಕನ ತುದಿ ಅನ್ನೋ ಹೆಸರೂ ಹಾಗೇ ಇರಲಿ.”

ಇಂಥ ಮಾತು ಆಡಿದವನನ್ನು ಕಿಟಕಿಯಿಂದ ಹೊರಗೆಸೆಯಬೇಕಿತ್ತು. ಸಮಿತಿ ಚಪ್ಪಾಳೆ ತಟ್ಟಿತು! ಗಾಳಿ ಯಾವ ದಿಕ್ಕಿಗೆ ಬೀಸುತ್ತದೆಂದು ತಿಳಿದ ಮೇಲೂ ಬೆನ್ನು ತಿರುಗಿಸಿ ಕೂರುವ ಇವರೆಲ್ಲ ಎಂಜಿನಿಯರುಗಳು, ಇವರ ಕೊರಳಿಗೆಲ್ಲ ಗುರುತಿನ ಚೀಟಿ.

“ನಿಮಗೆಲ್ಲ ತಲೆ ಕೆಟ್ಟಿದೆಯೇನ್ರೀ?” ಅಕ್ಕ ಮೇಜು ಕುಟ್ಟಿದಳು. “ಎಂಜಿನ್ನೊಳಗೆ ಕೇಸಿಂಗು ನಿಮ್ಮ ಹೋಲಿಕೆ ನೋಡ್ಕೊಂಡು ಉಲ್ಟಾ ತಿರುಗುತ್ತಾ?”

“ಎಂಜಿನ್ನುಗಳು ಚೆನ್ನಾಗೇ ಓಡ್ತಿವೆಯಲ್ಲ ಅಕ್ಕ,” ಎಂದರು ಅಧ್ಯಕ್ಷರು, ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ. “ನೀವು ನೀರು ಕುಡೀರಿ.” ಯಾರೋ ಲೋಟ ಮುಂದೆ ಸರಿಸಿದರು. ಅವಳು ಬೈದಳು, ಹಿಂದೆಂದೂ ಬೈಯದ ಹಾಗೆ ಬೈದಳು. ಅವರು ನಕ್ಕು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋದರು.

ಕೆಲವು ದಿನ ಅವಳು ಪರೀಕ್ಷಾ ಕೋಣೆಯ ಕಡೆ ತಲೆ ಹಾಕಲಿಲ್ಲ. ಹೋದ ದಿನ ಬಾಗಿಲು ತೆರೆದಿತ್ತು, ಹಸಿ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಮೋಟಾರಿನ ಪೆಟ್ಟಿಗೆಗೆ ಹೊಸ ಬೀಗ. ಅದರ ಮೇಲೆ, ಇನ್ನು ಮುಂದೆ ಯಾರೂ ತಪ್ಪು ಮಾಡಬಾರದೆಂದು, ಮೊಳದುದ್ದದ ಕೆಂಪು ಬಾಣ ಬರೆಸಿದ್ದರು. ಹೊಟ್ಟೆಯಿಂದ ಬೆನ್ನಿಗೆ. ಪುರಾಣ ಪಕ್ಕದಲ್ಲಿ ನಿಂತು ಪೇಂಟರಿಗೆ ಬಾಣಗಳ ಇತಿಹಾಸ ಹೇಳುತ್ತಿದ್ದ. ಅಳಿಯ ಕೈಯಲ್ಲಿ ಹಳೆ ಬಟ್ಟೆ ಹಿಡಿದು ಬೀಗದ ಮೇಲೆ ಬಿದ್ದ ಹನಿ ಒರೆಸುತ್ತಿದ್ದ.

“ಬಣ್ಣ ಹಸಿ ಇದೆ ಅತ್ತೆ, ದೂರ ನಿಲ್ಲಿ,” ಎಂದ.

“ನೀವು ಬೆಲ್ಟನ್ನ ಸರಿ ದಿಕ್ಕಿಗೆ ಓಡಿಸಿ ನೋಡಲಿಲ್ವಾ?”

“ನೋಡಿದೆ. ಸಭೆಯ ಹಿಂದಿನ ರಾತ್ರೀನೇ ನೋಡಿದೆ. ನೀವು ಹೇಳಿದ ಹಾಗೇ ಬಂತು. ನಂದೂ ದಂಡ, ನಿಮ್ಮದೂ ದಂಡ.”

“ಗೊತ್ತಿದ್ದೂ...”

“ನಿಮ್ಮ ಮಗಳು ಅತ್ತುಬಿಟ್ಟಳು ಅತ್ತೆ. ಅಮ್ಮನ ಹೆಸರು ಹೋಗಬಾರದು, ಏನಾದ್ರೂ ಮಾಡಿ ಅಂದ್ಲು. ಅವತ್ತು ರಾತ್ರೀನೇ ಸಮಿತಿಯ ಒಬ್ಬೊಬ್ಬರ ಮನೆಗೂ ಹೋಗಿ ಕೈ ಮುಗಿದು ಬಂದೆ. ಅಕ್ಕ ಏನೇ ಹೇಳಿದ್ರೂ ಯಾರೂ ಎದುರು ಮಾತಾಡ್ಬೇಡಿ, ಪೂರ್ತಿ ಕೇಳಿ, ಆಮೇಲೆ ನಾನು ನೋಡ್ಕೋತೀನಿ ಅಂದೆ. ಪಾಪ, ಎಲ್ರೂ ಒಪ್ಕೊಂಡ್ರು. ನಿಮ್ಮ ಮೇಲೆ ಅಷ್ಟು ಗೌರವ.”

ಗೌರವ! ಅಕ್ಕನಿಗೆ ಅದು ಏನೆಂದು ಚೆನ್ನಾಗಿ ಗೊತ್ತಾಯಿತು. ಅದು ಕನಿಕರ. ಊರಿಗೆಲ್ಲ ಮೂಗು ಮುರಿದವಳನ್ನು ಊರೆಲ್ಲ ಸೇರಿ ಕನಿಕರಿಸಿತ್ತು, ಅದಕ್ಕೆ ಹೊಂದಿಸಿಕೊಟ್ಟವಳು ಅವಳ ಹೊಟ್ಟೆಯಲ್ಲಿ ಹುಟ್ಟಿದವಳು. ಅವಮಾನದಿಂದ ಅವಳ ಕಿವಿ ಕಾದವು. ಮುಂದೆ ಬಾಗಿ ಅಂಗೈಯಿಂದ ಆ ಬಾಣವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅಳಿಸಿಬಿಟ್ಟಳು. ಪೆಟ್ಟಿಗೆ ಪೂರ್ತಿ ಕೆಂಪಾಯಿತು, ಕೈಯೂ ಆಯಿತು. ಈಗಲಾದರೂ ಅಳಿಯ ಕೂಗಾಡಲಿ ಎಂದು ಕಾದಳು.

ಅವನು ಕೂಗಾಡಲಿಲ್ಲ. ಕೈಲಿದ್ದ ಬಟ್ಟೆಯನ್ನು ಮುಂದೆ ಹಿಡಿದು, “ಒರೆಸ್ಕೊಳ್ಳಿ ಅತ್ತೆ, ಸೀರೆಗೆ ತಾಗುತ್ತೆ,” ಎಂದ. ಪುರಾಣ ಕೂಡ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದ.

ಪೇಂಟರು ಪೆಟ್ಟಿಗೆಯನ್ನು ಒರೆಸಿ, ಕುಂಚವನ್ನು ಮತ್ತೆ ಡಬ್ಬಿಗೆ ಅದ್ದಿದ. ಅಲ್ಲಿದ್ದವರಲ್ಲಿ ಅವಳೇ ಹಿರಿಯಳೆಂದು ಅವಳ ಮುಖ ನೋಡಿ, “ಅಕ್ಕಾ, ಬಾಣ ಯಾವ ಕಡೆಗೆ ಬರೀಲಿ?” ಎಂದು ಕೇಳಿದ.

“ಬೆನ್ನಿಂದ ಹೊಟ್ಟೆ ಕಡೆಗೆ. ಈ ಕಡೆಯಿಂದ ಆ ಕಡೆಗೆ,” ಎಂದು ಅವಳು ಕೆಂಪು ಕೈಯಿಂದ ತೋರಿಸಿದಳು.

ಪೇಂಟರು ಅವಳ ಬೆನ್ನ ಹಿಂದೆ ನಿಂತಿದ್ದ ಅಳಿಯನ ಕಡೆಗೊಮ್ಮೆ ನೋಡಿದ. “ಆಯ್ತಕ್ಕಾ,” ಎಂದು ವಿನಯದಿಂದ ತಲೆಯಾಡಿಸಿ, ಆ ಕಡೆಯಿಂದ ಈ ಕಡೆಗೆ ಬರೆದ.